ಮಾಯಾಲೋಕದ ಮೋಸ: ಕಾರಣ, ಲಕ್ಷಣ, ತಡೆ

ಕಳೆದ ಚಳಿಗಾಲದಲ್ಲಿ ಒಂದು ದಿನ ನನ್ನ ಮಗಳು ಹನ್ನೊಂದು ವರ್ಷದ ಮೊಮ್ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. "ಅಪ್ಪ, ಮೂರು ವಾರದಿಂದ ಇವನು ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅಂತಾನೆ. ಡಾಕ್ಟರಿಗೆ ತೋರಿಸಿದ್ದಾಯಿತು, ರಕ್ತ ಪರೀಕ್ಷೆಯೂ ಆಯಿತು. ಏನೂ ಇಲ್ಲವಂತೆ. ನೀನೇ ಒಂದು ಸಲ ನೋಡು" ಎಂದಳು. ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಮೇಲಾಗಿ ಮನೆಯವರಿಗೆ ತಾನೇ ಚಿಕಿತ್ಸೆ ಮಾಡಬಾರದೆಂಬುದು ನಮ್ಮ ವೃತ್ತಿಯ ಹಳೆಯ ನಿಯಮ. ಆದರೂ ತಾತನಾಗಿ ಪಕ್ಕದಲ್ಲಿ ಕೂರಿಸಿಕೊಂಡು, "ಎಲ್ಲಿ ನೋವು ಪುಟ್ಟ?" ಎಂದು ಕೇಳಿದೆ. ಹೊಕ್ಕುಳ ಸುತ್ತ ಅಂಗೈ ಆಡಿಸಿದ. ಶನಿವಾರ, ಭಾನುವಾರ ನೋವಿರುವುದಿಲ್ಲ ಎಂದ. ಇಂಥ ಹೊಟ್ಟೆನೋವಿನ ಮೂಲ ಎಷ್ಟೋ ಸಲ ಹೊಟ್ಟೆಯಲ್ಲಿರುವುದಿಲ್ಲ ಎಂದು ಮಕ್ಕಳನ್ನು ನೋಡಿದ ಎಲ್ಲ ವೈದ್ಯರಿಗೂ ಗೊತ್ತು.

ಅವನ ಅಮ್ಮ ಅಡುಗೆಮನೆಗೆ ಹೋದ ಮೇಲೆ ವಿಷಯ ಹೊರಬಂತು. ಅವನು ದಿನವೂ ಆಡುತ್ತಿದ್ದ ಒಂದು ಆನ್‌ಲೈನ್ ಆಟದಲ್ಲಿ ಒಬ್ಬ "ಗೆಳೆಯ" ಸಿಕ್ಕಿದ್ದ. "ನಿನ್ನ ಹತ್ತಿರ ಇರುವ ಸಾಮಾನು ನನಗೆ ಕೊಡು, ಎರಡರಷ್ಟು ಮಾಡಿ ಕೊಡುತ್ತೇನೆ" ಎಂದಿದ್ದ. ಮೊದಲ ಸಲ ನಿಜವಾಗಿಯೂ ಕೊಟ್ಟ. ಎರಡನೆಯ ಸಲವೂ ಕೊಟ್ಟ. ಮೂರನೆಯ ಸಲ ಎಲ್ಲವನ್ನೂ ತೆಗೆದುಕೊಂಡು, "ಬಿಡಿಸಿಕೊಳ್ಳಬೇಕಾದರೆ ಗಿಫ್ಟ್ ಕಾರ್ಡಿನ ನಂಬರ್ ಕಳಿಸು" ಎಂದ. ಹುಡುಗ ಮೊದಲು ಅಜ್ಜಿ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಕಾರ್ಡನ್ನೂ, ಆಮೇಲೆ ಅಮ್ಮನ ಕ್ರೆಡಿಟ್ ಕಾರ್ಡಿನಿಂದ ಕೊಂಡ ಇನ್ನೆರಡನ್ನೂ ಕಳಿಸಿದ. ಒಟ್ಟು 180 ಡಾಲರ್. ಕಡೆಗೆ ಖಾತೆಯೇ ಕೈತಪ್ಪಿತು. ಶಾಲೆಯಲ್ಲಿ ಗೆಳೆಯರು "ಯಾಕೆ ಆಟಕ್ಕೆ ಬರುತ್ತಿಲ್ಲ?" ಎಂದು ಕೇಳುತ್ತಿದ್ದರು, ಮನೆಯಲ್ಲಿ ಕಾರ್ಡಿನ ಬಿಲ್ ಬರುವ ದಿನ ಹತ್ತಿರವಾಗುತ್ತಿತ್ತು. ಹೊಟ್ಟೆನೋವಿನ ಕಾರಣ ಇಷ್ಟೇ.

180 ಡಾಲರ್ ಹೋದದ್ದಕ್ಕಿಂತ ಆ ಮೂರು ವಾರ ನನ್ನನ್ನು ಹೆಚ್ಚು ಕಾಡಿತು. ಆಮೇಲೆ ಈ ವಿಷಯವನ್ನು ನನಗೆ ಗೊತ್ತಿರುವ ರೀತಿಯಲ್ಲಿ, ಅಂದರೆ ಒಂದು ರೋಗವನ್ನು ಅಭ್ಯಾಸ ಮಾಡುವಂತೆ, ಅಭ್ಯಾಸ ಮಾಡಿದೆ. ನಮ್ಮ ಸಂಘದ ಕುಟುಂಬಗಳಿಗೆ ಉಪಯೋಗವಾದೀತೆಂಬ ಆಸೆಯಿಂದ ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮಾಯಾಲೋಕ ಎಂದರೇನು?

ಸಾವಿರಾರು ಜನ ಒಂದೇ ಹೊತ್ತಿಗೆ ಕಂಪ್ಯೂಟರ್ ಮೂಲಕ ಪ್ರವೇಶಿಸಿ, ತಮ್ಮದೊಂದು ಗೊಂಬೆರೂಪ ಧರಿಸಿ, ಓಡಾಡಿ, ಮಾತಾಡಿ, ಕೊಟ್ಟು ಕೊಳ್ಳುವ ಕಲ್ಪಿತ ಜಗತ್ತನ್ನು ವರ್ಚುವಲ್ ಲೋಕ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಮಾಯಾಲೋಕ ಎನ್ನೋಣ. 2003ರಲ್ಲಿ ಶುರುವಾದ "ಸೆಕೆಂಡ್ ಲೈಫ್", ಅದೇ ವರ್ಷ ಐಸ್‌ಲ್ಯಾಂಡಿನ ಕಂಪನಿಯೊಂದು ಹೊರತಂದ "ಈವ್ ಆನ್‌ಲೈನ್", ನಮ್ಮ ಮೊಮ್ಮಕ್ಕಳ ಬಾಯಲ್ಲಿ ದಿನವೂ ಕೇಳುವ "ರೋಬ್ಲಾಕ್ಸ್", "ಫೋರ್ಟ್‌ನೈಟ್" ಎಲ್ಲವೂ ಈ ಜಾತಿಗೆ ಸೇರಿದವು.

ಇಲ್ಲಿನ ಸಾಮಾನು ಮಾಯೆ, ಆದರೆ ಹಣ ಮಾಯೆಯಲ್ಲ. ಸೆಕೆಂಡ್ ಲೈಫ್‌ನಲ್ಲಿ ಲಿಂಡನ್ ಡಾಲರ್ ಎಂಬ ನಾಣ್ಯವಿದೆ; ಅದನ್ನು ಅಮೆರಿಕದ ಡಾಲರಿಗೆ ಬದಲಾಯಿಸಿಕೊಳ್ಳಬಹುದು. ರೋಬ್ಲಾಕ್ಸ್‌ನಲ್ಲಿ ರೋಬಕ್ಸ್ ಇದೆ. ಒಂದು ಅಪರೂಪದ ಟೋಪಿ ಅಥವಾ ಕತ್ತಿಗೆ ಬೇಡಿಕೆ ಬಂದರೆ ಜನ ನಿಜವಾದ ಹಣ ಕೊಡುತ್ತಾರೆ. ಹಣ ಇದ್ದ ಕಡೆ ಕಳ್ಳರು ಬರುವುದು ಹೊಸ ಸಂಗತಿಯೇನಲ್ಲ.

ರೋಗಶಾಸ್ತ್ರ ಕಲಿಸುವ ಪಾಠ

2005ರ ಸೆಪ್ಟೆಂಬರಿನಲ್ಲಿ "ವರ್ಲ್ಡ್ ಆಫ್ ವಾರ್‌ಕ್ರಾಫ್ಟ್" ಎಂಬ ಆಟದಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಒಬ್ಬ ರಾಕ್ಷಸನ ಜೊತೆ ಕಾದಾಡುವಾಗ ಮಾತ್ರ ತಗುಲಬೇಕಾಗಿದ್ದ "ಕರಪ್ಟೆಡ್ ಬ್ಲಡ್" ಎಂಬ ಶಾಪ, ಆಟಗಾರರ ಸಾಕುಪ್ರಾಣಿಗಳ ಮೂಲಕ ಹೊರಗೆ ಬಂದು ಆಟದ ದೊಡ್ಡ ಪಟ್ಟಣಗಳಲ್ಲಿ ಸಾಂಕ್ರಾಮಿಕದಂತೆ ಹರಡಿತು. ಹೊಸ ಆಟಗಾರರ ಗೊಂಬೆಗಳು ಗುಂಪು ಗುಂಪಾಗಿ ಸತ್ತವು. ಕೆಲವರು ಓಡಿಹೋದರು, ಕೆಲವರು ಸಹಾಯಕ್ಕೆ ನಿಂತರು, ಕೆಲವರು ಬೇಕೆಂದೇ ಹರಡಿದರು. ಸಾಂಕ್ರಾಮಿಕ ರೋಗ ಹರಡುವಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಇದೊಂದು ಮಾದರಿಯಾಗಬಹುದೆಂದು ಇಬ್ಬರು ಸಂಶೋಧಕರು 2007ರಲ್ಲಿ "ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್" ಪತ್ರಿಕೆಯಲ್ಲಿ ಬರೆದರು. ಲೋಕ ಕಲ್ಪಿತವಾದರೂ ಅದರೊಳಗಿನ ಮನುಷ್ಯರು ನಿಜ ಎಂಬುದೇ ಅದರ ಸಾರ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವ ಒಂದು ತ್ರಿಕೋನವಿದೆ. ರೋಗ ಬರಬೇಕಾದರೆ ಮೂರು ಸೇರಬೇಕು: ರೋಗಾಣು, ಅದಕ್ಕೆ ಎಡೆಕೊಡುವ ದೇಹ, ಇವೆರಡನ್ನೂ ಕೂಡಿಸುವ ಪರಿಸರ. ಮೂರರಲ್ಲಿ ಒಂದನ್ನು ಕಡಿದರೂ ರೋಗ ನಿಲ್ಲುತ್ತದೆ. ಮೋಸಕ್ಕೂ ಇದೇ ತ್ರಿಕೋನ ಸರಿಹೊಂದುತ್ತದೆ. ಮೋಸ ಹೋದವರನ್ನು ಕಂಡಾಗ ನಾವು "ಅತಿಯಾಸೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಇದು ದೇಹವನ್ನು ಮಾತ್ರ ನೋಡಿ ರೋಗಾಣುವನ್ನೂ ಪರಿಸರವನ್ನೂ ಮರೆತಂತೆ.

ಪರಿಸರ: ಸಾಕ್ಷಿಯಿಲ್ಲದ ಸಂತೆ

ಮೊದಲನೆಯದಾಗಿ, ಇಲ್ಲಿ ಗುರುತು ಅಗ್ಗ. ಊರಿನ ಸಂತೆಯಲ್ಲಿ ಮೋಸ ಮಾಡಿದವನು ಮುಂದಿನ ವಾರ ಅದೇ ಮುಖ ಹೊತ್ತು ಬರಬೇಕು. ಮಾಯಾಲೋಕದಲ್ಲಿ ಐದು ನಿಮಿಷದಲ್ಲಿ ಹೊಸ ಹೆಸರು, ಹೊಸ ಮುಖ ಸಿಗುತ್ತದೆ.

ಎರಡನೆಯದಾಗಿ, ಕಟ್ಟಡ ಇರುತ್ತದೆ, ಕಾನೂನು ಇರುವುದಿಲ್ಲ. ಸೆಕೆಂಡ್ ಲೈಫ್‌ನಲ್ಲಿ "ಗಿಂಕೋ ಫೈನಾನ್ಷಿಯಲ್" ಎಂಬ ಬ್ಯಾಂಕ್ ಇತ್ತು. ವರ್ಷಕ್ಕೆ ಶೇಕಡ 40ಕ್ಕೂ ಹೆಚ್ಚು ಬಡ್ಡಿ ಕೊಡುವುದಾಗಿ ಹೇಳುತ್ತಿತ್ತು. 2007ರ ಜುಲೈನಲ್ಲಿ ಆ ಲೋಕದಲ್ಲಿ ಜೂಜನ್ನು ನಿಷೇಧಿಸಿದಾಗ ಜನ ಗಾಬರಿಯಿಂದ ಹಣ ವಾಪಸ್ ಕೇಳಿದರು. ಆಗಸ್ಟಿನಲ್ಲಿ ಬ್ಯಾಂಕ್ ಬಾಗಿಲು ಹಾಕಿತು. ಠೇವಣಿದಾರರು ಕಳೆದುಕೊಂಡದ್ದು ಸುಮಾರು ಏಳೂವರೆ ಲಕ್ಷ ಅಮೆರಿಕನ್ ಡಾಲರ್ ಎಂದು ವರದಿಯಾಯಿತು. ನಮ್ಮ ಊರುಗಳಲ್ಲಿ ಚೀಟಿ ಹಣ ಕಟ್ಟಿಸಿಕೊಂಡು ರಾತ್ರೋರಾತ್ರಿ ಅಂಗಡಿ ಮುಚ್ಚಿದವರ ಕಥೆಗೂ ಇದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಒಂದೇ: ಹೋಗಿ ಬಾಗಿಲು ಬಡಿಯಲು ಇಲ್ಲಿ ಬಾಗಿಲೂ ಇರಲಿಲ್ಲ. 2008ರ ಜನವರಿಯಿಂದ, ಸರ್ಕಾರದ ಪರವಾನಗಿ ಇಲ್ಲದವರು ಅಲ್ಲಿ ಬ್ಯಾಂಕ್ ನಡೆಸಬಾರದೆಂದು ಕಂಪನಿ ನಿಯಮ ಮಾಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರನೆಯದಾಗಿ, ಆಟದ ನ್ಯಾಯ ಬೇರೆ, ಹೊರಗಿನ ನ್ಯಾಯ ಬೇರೆ. ಈವ್ ಆನ್‌ಲೈನ್‌ನಲ್ಲಿ ಆಟಗಾರರೇ ಕಟ್ಟಿದ್ದ "ಇಬ್ಯಾಂಕ್" ಎಂಬ ಬ್ಯಾಂಕಿನ ಮುಖ್ಯಸ್ಥ 2009ರಲ್ಲಿ ಠೇವಣಿದಾರರ 200 ಶತಕೋಟಿ ಆಟದ ನಾಣ್ಯಗಳನ್ನು ಎತ್ತಿಕೊಂಡು, ಹೊರಗೆ ಆರು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ ಡಾಲರಿಗೆ ಮಾರಿದ. ಮನೆಯ ಮುಂಗಡಕ್ಕೂ ಮಗನ ಔಷಧೋಪಚಾರಕ್ಕೂ ಹಣ ಬೇಕಿತ್ತು ಎಂದು ಹೇಳಿಕೊಂಡ. ಕಂಪನಿ ಅವನನ್ನು ಆಟದಿಂದ ಹೊರಹಾಕಿತು. ಆದರೆ ಕದ್ದದ್ದಕ್ಕಲ್ಲ, ಆಟದ ನಾಣ್ಯವನ್ನು ನಿಜವಾದ ಹಣಕ್ಕೆ ಮಾರಿದ್ದಕ್ಕೆ! ಆ ಆಟದ ನಿಯಮದಲ್ಲಿ ಒಳಗಿನ ಮೋಸ ಅಪರಾಧವಲ್ಲ. ನಾವು ಕಾಲಿಡುವ ಲೋಕದಲ್ಲಿ ಯಾವುದು ತಪ್ಪು, ಯಾವುದು ಸರಿ ಎಂದು ಮೊದಲೇ ತಿಳಿದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಾಲ್ಕನೆಯದಾಗಿ, ಬೆಲೆ ಕಾಣುವುದಿಲ್ಲ. ಡಾಲರನ್ನು ಮೊದಲು ಆಟದ ನಾಣ್ಯವಾಗಿ ಬದಲಾಯಿಸಿದರೆ, ಖರ್ಚು ಮಾಡುವಾಗ ಕೈಯಿಂದ ಹಣ ಹೋದಂತೆ ಅನಿಸುವುದಿಲ್ಲ. ಅಂಗಡಿಯ ವಿನ್ಯಾಸವೂ ಇದಕ್ಕೆ ಸಹಾಯ ಮಾಡಬಹುದು. ಫೋರ್ಟ್‌ನೈಟ್ ತಯಾರಿಸುವ ಎಪಿಕ್ ಗೇಮ್ಸ್ ಕಂಪನಿ, ಬಳಕೆದಾರರಿಗೆ ಗೊತ್ತಾಗದಂತೆ ಹಣ ಕಡಿತವಾಗುವ ಹಾಗೆ ಗುಂಡಿಗಳನ್ನು ಜೋಡಿಸಿದೆ, ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳು ಖರೀದಿಸಲು ಬಿಟ್ಟಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಗ್ರಾಹಕರಿಗೆ ವಾಪಸ್ ಕೊಡಲು 24.5 ಕೋಟಿ ಡಾಲರ್ ಪಾವತಿಸಲು ಕಂಪನಿ 2022ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು.

ರೋಗಾಣು: ಮೋಸದ ಬಗೆಗಳು

ಹೆಸರುಗಳು ನೂರಿದ್ದರೂ ಬಗೆಗಳು ಕೆಲವೇ.

ಎರಡರಷ್ಟು ಮಾಡುವ ಆಟ: ನನ್ನ ಮೊಮ್ಮಗ ಬಿದ್ದದ್ದು ಇದಕ್ಕೆ. ಮೊದಲೆರಡು ಸಲ ಕೊಡುವುದು ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಪುಕ್ಕಟೆಯ ಆಮಿಷ: "ಉಚಿತ ರೋಬಕ್ಸ್" ಕೊಡುತ್ತೇವೆ ಎನ್ನುವ ಜಾಲತಾಣಗಳು ಅಸಂಖ್ಯ. ಅಂಥ ಯಾವ ವ್ಯವಸ್ಥೆಯೂ ಇಲ್ಲ, ಎಲ್ಲವೂ ಮೋಸ ಎಂದು ರೋಬ್ಲಾಕ್ಸ್ ಕಂಪನಿಯೇ ಹೇಳುತ್ತದೆ.

ನಕಲಿ ಬಾಗಿಲು: ನಿಜವಾದ ತಾಣದಂತೆಯೇ ಕಾಣುವ ಪುಟ ಮಾಡಿ ಪಾಸ್‌ವರ್ಡ್ ಬರೆಸಿಕೊಳ್ಳುವುದು. 2007ರ ನವೆಂಬರಿನಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಬಂಧಿಸಿದರು. "ಹ್ಯಾಬೋ ಹೋಟೆಲ್" ಎಂಬ ಮಾಯಾಲೋಕದ ಆಟಗಾರರ ಪಾಸ್‌ವರ್ಡುಗಳನ್ನು ಹೀಗೆ ಕದ್ದು, ಸುಮಾರು 4,000 ಯೂರೋ ಬೆಲೆಯ ಮೇಜು, ಕುರ್ಚಿ, ಮಂಚಗಳನ್ನು ಸಾಗಿಸಿದ ಆರೋಪ ಅವನ ಮೇಲಿತ್ತು. ಮೇಜು ಕುರ್ಚಿಗಳು ಪರದೆಯ ಮೇಲಿನ ಚಿತ್ರಗಳು. ಅವನ್ನು ಕೊಳ್ಳಲು ಮಕ್ಕಳು ಕೊಟ್ಟಿದ್ದು ನಿಜವಾದ ಹಣ.

ಕೈಪಟ್ಟಿ ಕದಿಯುವುದು: ಇದನ್ನು ಸ್ವಲ್ಪ ವಿವರಿಸಬೇಕು. ಆಸ್ಪತ್ರೆಗೆ ಸೇರಿದ ರೋಗಿಯ ಕೈಗೆ ಒಂದು ಗುರುತಿನ ಪಟ್ಟಿ ಕಟ್ಟುತ್ತಾರೆ. ಆಮೇಲೆ ದಾಖಲಾತಿ ಕೌಂಟರಿನಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಯಾರೂ ಮತ್ತೆ ಕೇಳುವುದಿಲ್ಲ. ಪಟ್ಟಿ ನೋಡಿ ಮುಂದಿನ ಕೆಲಸ ನಡೆಯುತ್ತದೆ. ನೀವು ಒಂದು ತಾಣಕ್ಕೆ ಲಾಗಿನ್ ಆದಾಗಲೂ ನಿಮ್ಮ ಕಂಪ್ಯೂಟರಿಗೆ ಇಂಥದೊಂದು ಪಟ್ಟಿ ಸಿಗುತ್ತದೆ. "ಈ ಸಾಲನ್ನು ನಕಲು ಮಾಡಿ ನನಗೆ ಕಳಿಸು", "ಈ ಫೈಲ್ ಇಳಿಸಿಕೋ, ಹೊಸ ಆಟ ಪರೀಕ್ಷಿಸಬಹುದು" ಎಂದು ಹೇಳಿ ವಂಚಕ ಆ ಪಟ್ಟಿಯನ್ನೇ ಬಿಚ್ಚಿಕೊಳ್ಳುತ್ತಾನೆ. ಆಗ ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ನಕಲಿ ನೌಕರಿ: ಇದು ದೊಡ್ಡವರಿಗೆ ಒಡ್ಡುವ ಗಾಳ. 2022ರ ಮಾರ್ಚಿನಲ್ಲಿ "ಆಕ್ಸಿ ಇನ್ಫಿನಿಟಿ" ಎಂಬ ಆಟದ ಖಜಾನೆಯಿಂದ 60 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ಹಣ ಹೋಯಿತು. ಇದು ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೆಲಸ ಎಂದು ಎಫ್‌ಬಿಐ ಹೇಳಿತು. ಕಂಪನಿಯ ಒಬ್ಬ ಎಂಜಿನಿಯರಿಗೆ ಬಂದ ಆಕರ್ಷಕ ನೌಕರಿಯ ಪತ್ರದ ಫೈಲಿನ ಮೂಲಕ ಕಳ್ಳರು ಒಳಹೊಕ್ಕರು ಎಂದು ಪತ್ರಿಕೆಗಳು ವರದಿ ಮಾಡಿದವು. ಆರು ದಿನ ಯಾರಿಗೂ ಗೊತ್ತಾಗಲಿಲ್ಲ. ಬಳಕೆದಾರನೊಬ್ಬ ತನ್ನ ಹಣ ತೆಗೆಯಲಾಗುತ್ತಿಲ್ಲ ಎಂದ ಮೇಲೆ ಬಯಲಾಯಿತು. ಎಂಜಿನಿಯರನೇ ಮೋಸಹೋದ ಮೇಲೆ ಹನ್ನೊಂದು ವರ್ಷದ ಹುಡುಗನನ್ನು ದಡ್ಡ ಎನ್ನುವುದು ಹೇಗೆ?

ದೇಹ: ಯಾರು ಬೀಳುತ್ತಾರೆ?

ವಯಸ್ಸಾದವರೇ ಮೋಸ ಹೋಗುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಫೆಡರಲ್ ಟ್ರೇಡ್ ಕಮಿಷನ್‌ನ ವಾರ್ಷಿಕ ವರದಿಗಳು ಬೇರೆಯೇ ಹೇಳುತ್ತವೆ. ವಂಚನೆಯ ದೂರು ಕೊಟ್ಟವರಲ್ಲಿ, ಹಣ ಕಳೆದುಕೊಂಡವರ ಪ್ರಮಾಣ ಎಪ್ಪತ್ತು ದಾಟಿದವರಿಗಿಂತ ಇಪ್ಪತ್ತರ ಹರೆಯದವರಲ್ಲೇ ಹೆಚ್ಚು. ಆದರೆ ಹಿರಿಯರು ಬಿದ್ದಾಗ ಹೋಗುವ ಮೊತ್ತ ದೊಡ್ಡದು. ಅಂದರೆ ಈ ರೋಗಕ್ಕೆ ವಯಸ್ಸಿನ ಭೇದವಿಲ್ಲ.

ಬೀಳಿಸುವುದು ಆಸೆಯೊಂದೇ ಅಲ್ಲ. ಆತುರ: "ಹತ್ತು ನಿಮಿಷದಲ್ಲಿ ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ." ಒಂಟಿತನ: ಮಕ್ಕಳು ದೂರವಿದ್ದು, ಹೊರಗೆ ಹಿಮ ಬೀಳುತ್ತಿರುವಾಗ ದಿನವೂ "ಊಟ ಆಯಿತಾ?" ಎಂದು ಕೇಳುವ ಅಪರಿಚಿತನೂ ಆಪ್ತನಾಗುತ್ತಾನೆ. ಹೋದದ್ದನ್ನು ವಾಪಸ್ ಪಡೆಯುವ ಹಟ: ಮೊದಲ ನಷ್ಟ ತುಂಬಿಕೊಳ್ಳಲು ಎರಡನೆಯ ನಷ್ಟ. ಇವೆಲ್ಲಕ್ಕಿಂತ ಮಿಗಿಲಾದದ್ದು ನಾಚಿಕೆ.

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದ ದಿನಗಳಲ್ಲಿ ಕ್ಷಯರೋಗವನ್ನು ಮನೆಯವರು ಮುಚ್ಚಿಡುತ್ತಿದ್ದರು. ಮಗಳ ಮದುವೆ ನಿಂತೀತು, ನಾಲ್ಕು ಜನ ಆಡಿಕೊಂಡಾರು ಎಂಬ ಭಯ. ರೋಗಿ ವಾರ್ಡಿಗೆ ಬರುವ ಹೊತ್ತಿಗೆ ಶ್ವಾಸಕೋಶ ಹಾಳಾಗಿರುತ್ತಿತ್ತು, ಮನೆಯ ಇನ್ನಿಬ್ಬರು ಕೆಮ್ಮುತ್ತಿರುತ್ತಿದ್ದರು. ಔಷಧಿ ಇತ್ತು, ಅದು ಗುಟ್ಟನ್ನು ದಾಟಿ ರೋಗಿಯನ್ನು ತಲುಪುವುದು ತಡವಾಗುತ್ತಿತ್ತು. ಮೊಮ್ಮಗನ ಮೂರು ವಾರದ ಹೊಟ್ಟೆನೋವನ್ನು ನೋಡಿದಾಗ ನನಗೆ ಆ ವಾರ್ಡಿನ ನೆನಪಾಯಿತು. ವಂಚಕ ಹುಡುಗನಿಗೆ ಹೇಳಿದ್ದ ಕೊನೆಯ ಮಾತು, "ಅಮ್ಮನಿಗೆ ಹೇಳಬೇಡ, ಬೈಯುತ್ತಾರೆ." ಆ ಒಂದು ಮಾತು ಅವನಿಗೆ ಮೂರು ವಾರ ಸಮಯ ಗಳಿಸಿಕೊಟ್ಟಿತು. ಅಮ್ಮ ಬೈಯುತ್ತಾಳೆಂಬ ಭಯ ಮೊದಲೇ ಇದ್ದದ್ದರಿಂದಲೇ ಆ ಮಾತು ಕೆಲಸ ಮಾಡಿತು ಎಂಬುದನ್ನು ದೊಡ್ಡವರಾದ ನಾವು ಒಪ್ಪಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ಪರದೆಯ ಮೇಲಿನ ಚಿತ್ರವನ್ನು ಕದಿಯಲು ಸಾಧ್ಯವೆ? ನೆದರ್‌ಲ್ಯಾಂಡ್ಸ್‌ನಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದ ಹುಡುಗನನ್ನು ಹೊಡೆದು, ಚಾಕು ತೋರಿಸಿ ಹೆದರಿಸಿ, "ರೂನ್‌ಸ್ಕೇಪ್" ಆಟದಲ್ಲಿ ಅವನ ಬಳಿಯಿದ್ದ ಒಂದು ತಾಯಿತ ಮತ್ತು ಒಂದು ಮುಖವಾಡವನ್ನು ತಮ್ಮ ಖಾತೆಗೆ ವರ್ಗಾಯಿಸಿಕೊಂಡರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಇದು ಕಳವೇ ಎಂದು ಹೇಳಿತು: ಅವನ್ನು ಗಳಿಸಲು ಆ ಹುಡುಗ ಸಮಯ ಮತ್ತು ಶ್ರಮ ವ್ಯಯಿಸಿದ್ದಾನೆ, ಅವನಿಗೆ ಅವು ಬೆಲೆಬಾಳುವ ವಸ್ತುಗಳು. "ಬರೀ ಆಟ ತಾನೆ" ಎಂದು ಮಕ್ಕಳ ಅಳುವನ್ನು ತಳ್ಳಿಹಾಕುವ ಮೊದಲು ಈ ತೀರ್ಪನ್ನು ನೆನೆಯಬೇಕು.

ತಡೆ: ಮೂರು ಹಂತ

ಸಾರ್ವಜನಿಕ ಆರೋಗ್ಯದಲ್ಲಿ ತಡೆಗೆ ಮೂರು ಹಂತ: ರೋಗ ಬಾರದಂತೆ ನೋಡಿಕೊಳ್ಳುವುದು, ಬಂದದ್ದನ್ನು ಬೇಗ ಪತ್ತೆ ಮಾಡುವುದು, ಆದ ಹಾನಿಯನ್ನು ಕಡಿಮೆ ಮಾಡುವುದು.

ಮೊದಲ ಹಂತ, ಬಾರದಂತೆ:

1. ಆಟದ ಖಾತೆಗೂ ಅದಕ್ಕೆ ಜೋಡಿಸಿದ ಇಮೇಲಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಎರಡೂ ಕಡೆ ಎರಡು ಹಂತದ ಪರಿಶೀಲನೆ ಇರಲಿ. ಇಮೇಲ್ ಹೋದರೆ ಎಲ್ಲವೂ ಹೋದಂತೆ.
2. ಮಕ್ಕಳ ಆಟದ ಖಾತೆಗೆ ಕ್ರೆಡಿಟ್ ಕಾರ್ಡ್ ಜೋಡಿಸಿ ಬಿಡಬೇಡಿ. ತಿಂಗಳಿಗಿಷ್ಟು ಎಂದು ನಿಗದಿ ಮಾಡಿ, ಖರೀದಿಗೆ ನಿಮ್ಮ ಒಪ್ಪಿಗೆ ಬೇಕಾಗುವಂತೆ ಇಡಿ.
3. ಬೆಲೆಯನ್ನು ಮಕ್ಕಳಿಂದಲೇ ಡಾಲರಿನಲ್ಲಿ ಲೆಕ್ಕ ಹಾಕಿಸಿ. ಮಾಯೆಯ ನಾಣ್ಯಕ್ಕೆ ಇದೇ ಮದ್ದು.
4. ಗಿಫ್ಟ್ ಕಾರ್ಡಿನ ನಂಬರ್ ಕೇಳುವವರು ಯಾರೇ ಆಗಿರಲಿ, ಅದು ಮೋಸ. ಇದಕ್ಕೆ ವಿನಾಯಿತಿ ಇಲ್ಲ.
5. ಆಟದೊಳಗಿನ ಕೊಡುಕೊಳ್ಳುವಿಕೆ ಆಟದೊಳಗೇ, ಅದರದೇ ವ್ಯವಸ್ಥೆಯಲ್ಲಿ ನಡೆಯಲಿ. "ಹೊರಗೆ ಬಾ, ಬೇರೆ ಆ್ಯಪಿನಲ್ಲಿ ಮಾತಾಡೋಣ" ಎಂಬುದು ಮೊದಲ ಲಕ್ಷಣ.

ಇವೆಲ್ಲ ನೆನಪಿಡುವುದು ಕಷ್ಟವಾದರೆ ಮೂರು ಮಾತು ಸಾಕು: ತಾಳು, ಕೇಳು, ಹೇಳು. ಯಾರಾದರೂ ಆತುರಪಡಿಸಿದರೆ ಒಂದು ರಾತ್ರಿ ತಾಳು. ಮನೆಯಲ್ಲಿ ಒಬ್ಬರನ್ನು ಕೇಳು. ತಪ್ಪಾಗಿಹೋದರೆ ಅಂದೇ ಹೇಳು.

ಎರಡನೆಯ ಹಂತ, ಬೇಗ ಪತ್ತೆ: ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಪ್ರೀತಿಯ ಆಟ ಬಿಡುವುದು, ಹತ್ತಿರ ಹೋದರೆ ಪರದೆ ಮುಚ್ಚುವುದು, ಗಿಫ್ಟ್ ಕಾರ್ಡ್ ಬೇಕೆಂದು ಹಟ, ಕಾರಣವಿಲ್ಲದ ತಲೆನೋವು ಹೊಟ್ಟೆನೋವು. ಹಿರಿಯರಲ್ಲಿ ಹೊಸ "ಸ್ನೇಹಿತರ" ಬಗ್ಗೆ ಗುಟ್ಟು, ನಿದ್ರೆ ಕೆಡುವುದು, ಬ್ಯಾಂಕಿನಿಂದ ಪದೇ ಪದೇ ಹಣ ತೆಗೆಯುವುದು. ಕೇಳುವಾಗ ಪೊಲೀಸರಂತೆ ಕೇಳಬೇಡಿ, ವೈದ್ಯರಂತೆ ಕೇಳಿ. "ಯಾಕೆ ಹೀಗೆ ಮಾಡಿದೆ?" ಎಂದರೆ ಬಾಯಿ ಮುಚ್ಚುತ್ತದೆ, "ಆಮೇಲೆ ಏನಾಯಿತು?" ಎಂದರೆ ತೆರೆಯುತ್ತದೆ.

ಮೂರನೆಯ ಹಂತ, ಆದ ಮೇಲೆ: ಎಲ್ಲಕ್ಕಿಂತ ಮೊದಲು ಸಂಭಾಷಣೆಯ ಚಿತ್ರ ತೆಗೆದಿಡಿ. ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಾಯಿಸಿ, "ಎಲ್ಲ ಕಡೆಯಿಂದ ಹೊರಬರು" ಎಂಬ ಗುಂಡಿ ಒತ್ತಿ. ಕದ್ದ ಕೈಪಟ್ಟಿ ಆಗ ನಿರುಪಯೋಗಿಯಾಗುತ್ತದೆ. ಕಾರ್ಡ್ ಕಂಪನಿಗೆ ಅಂದೇ ಫೋನ್ ಮಾಡಿ. ಗಿಫ್ಟ್ ಕಾರ್ಡ್ ಆಗಿದ್ದರೆ ಕಾರ್ಡ್ ಮತ್ತು ರಸೀದಿ ಇಟ್ಟುಕೊಂಡು ಅದನ್ನು ಹೊರಡಿಸಿದ ಕಂಪನಿಗೆ ತಿಳಿಸಿ. ಆಟದ ಕಂಪನಿಗೆ ದೂರು ಕೊಡಿ. ಅಮೆರಿಕದಲ್ಲಿರುವವರು ಎಫ್‌ಬಿಐನ ಇಂಟರ್ನೆಟ್ ಅಪರಾಧ ದೂರು ಕೇಂದ್ರಕ್ಕೂ ಫೆಡರಲ್ ಟ್ರೇಡ್ ಕಮಿಷನ್‌ಗೂ ಆನ್‌ಲೈನಿನಲ್ಲಿ ದೂರು ಕೊಡಬಹುದು. ಊರಿನಲ್ಲಿರುವ ಬಂಧುಗಳಿಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಯನ್ನು ಈಗಲೇ ಹೇಳಿಡಿ. ಕೊನೆಯದಾಗಿ, "ಹೋದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ" ಎಂದು ಬರುವವರನ್ನು ನಂಬಬೇಡಿ. ಅದು ಅದೇ ರೋಗದ ಎರಡನೆಯ ಅಲೆ.

ಕೊನೆಯ ಮಾತು

ಅಂದು ಸಂಜೆ ಮೊಮ್ಮಗನೇ ಅವನ ಅಮ್ಮನಿಗೆ ಎಲ್ಲವನ್ನೂ ಹೇಳಿದ. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಮಗಳ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವಳು ನನ್ನ ಕಡೆ ನೋಡಿ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಮೊದಲೇ ಹೇಳಬಾರದಾಗಿತ್ತಾ ಕಂದ" ಎಂದಳು. ಖಾತೆ ಎರಡು ವಾರದ ನಂತರ ಸಿಕ್ಕಿತು, ಒಳಗೆ ಏನೂ ಉಳಿದಿರಲಿಲ್ಲ. 180 ಡಾಲರಿನಲ್ಲಿ ಒಂದು ಸೆಂಟೂ ವಾಪಸ್ ಬರಲಿಲ್ಲ. ಹೊಟ್ಟೆನೋವು ಮಾತ್ರ ಮಾರನೆಯ ಸೋಮವಾರವೇ ಇರಲಿಲ್ಲ.

ಈಗ ಅವರ ಮನೆಯಲ್ಲಿ ಒಂದು ಒಪ್ಪಂದವಿದೆ. ಆನ್‌ಲೈನಿನಲ್ಲಿ ಏನೇ ತಪ್ಪಾದರೂ ಅಂದೇ ಹೇಳಿದರೆ ಬೈಗುಳವಿಲ್ಲ. ಇದು ಮಗನಿಗೆ ಎಷ್ಟೋ, ಅಪ್ಪ ಅಮ್ಮನಿಗೂ ಅಷ್ಟೇ. ನಾನೂ ಅದಕ್ಕೆ ಸೇರಿಕೊಂಡಿದ್ದೇನೆ, ಏಕೆಂದರೆ ಮುಂದಿನ ಸಲ ಬೀಳುವವನು ನಾನೇ ಆಗಿರಬಹುದು. ನಿಮ್ಮ ಮನೆಯಲ್ಲೂ ಇಂಥದೊಂದು ಮಾತು ಆಗಲಿ. ಅದಕ್ಕೆ ಖರ್ಚಿಲ್ಲ, ಅಡ್ಡ ಪರಿಣಾಮವೂ ಇಲ್ಲ.